ಟ್ಯಾಂಕಿಗೆ 5 ವರ್ಷ ವಾರಂಟಿ ಅಂದರು, ಗೀಸರ್ ಮೂರನೇ ವರ್ಷಕ್ಕೇ ಸೋರುತ್ತಿದೆ

ಬಿಸಿನೀರು (ತುಮಕೂರು)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

2023ರ ದೀಪಾವಳಿಗೆ 25 ಲೀಟರಿನ ಗೀಸರ್ ತಗೊಂಡೆವು. 11,400 ರೂಪಾಯಿ, ಬಿಲ್ ಇದೆ. ವಾರಂಟಿ ಕಾರ್ಡಿನಲ್ಲಿ ಮೂರು ಸಾಲು: ಪೂರ್ತಿ ಗೀಸರಿಗೆ 2 ವರ್ಷ, ಕಾಯಿಲ್‌ಗೆ 3 ವರ್ಷ, ಒಳಗಿನ ಟ್ಯಾಂಕಿಗೆ 5 ವರ್ಷ. "ಐದು ವರ್ಷ ಅದರ ಕಡೆ ತಿರುಗಿ ನೋಡೋದೇ ಬೇಡ ಮೇಡಂ" ಅಂದಿದ್ದರು ಅಂಗಡಿಯವರು.

ಹೋದ ಸೋಮವಾರ ನಮ್ಮತ್ತೆ ಬಚ್ಚಲಿಂದ ಕೂಗಿದರು, "ಗೀಸರ್ ಮೂಗು ಸೋರ್ತಾ ಇದೆ ನೋಡೇ" ಅಂತ. ಹೋಗಿ ನೋಡಿದರೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸಂದಿಯಿಂದ ತೊಟ್ಟು ತೊಟ್ಟು ನೀರು, ಸ್ವಲ್ಪ ಕಂದು ಬಣ್ಣ. ಬಕೆಟ್ ಇಟ್ಟೆವು. ಬೆಳಗಾಗುವಷ್ಟರಲ್ಲಿ ಅರ್ಧ ಬಕೆಟ್ ತುಂಬಿತ್ತು.

ಕಂಪನಿಗೆ ಫೋನ್ ಮಾಡಿ ಎರಡು ದಿನಕ್ಕೆ ಒಬ್ಬ ಹುಡುಗ ಬಂದ. ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದ. ಆಮೇಲೆ ಜೇಬಿನಿಂದ ಪೆನ್ನಿನ ಥರದ್ದು ತೆಗೆದು ನಮ್ಮ ಮಗ್ಗಿನ ನೀರಿಗೆ ಅದ್ದಿದ. 1,140 ತೋರಿಸಿತು. "ಬೋರ್‌ವೆಲ್ ನೀರು, ಗಡಸು ಜಾಸ್ತಿ. ಅದೇ ಟ್ಯಾಂಕ್ ತಿಂದು ಹಾಕಿದೆ. ವಾರಂಟಿ ಬರಲ್ಲ" ಅಂದ. ಬಂದು ಹೋಗಿದ್ದಕ್ಕೆ 450 ರೂಪಾಯಿ ತಗೊಂಡ. ಹಳೆಯದು ಕೊಟ್ಟರೆ ಹೊಸ ಗೀಸರಿಗೆ 20 ಪರ್ಸೆಂಟ್ ಬಿಡುತ್ತಾರಂತೆ.

ಕಾರ್ಡಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಗಡಸು ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ ಅಂತ ಇರೋದು ನಿಜ. ಆನೋಡ್ ರಾಡ್ ಕಾಲಕಾಲಕ್ಕೆ ಬದಲಾಯಿಸಿ ಅಂತಾನೂ ಇದೆ. ಆದರೆ ಹೇಮಾವತಿ ನೀರು ನಮ್ಮ ಬಡಾವಣೆಗೆ ಇನ್ನೂ ಬಂದಿಲ್ಲ. ಬೋರ್‌ವೆಲ್ ಬಿಟ್ಟು ಬೇರೆ ಗತಿ ಇಲ್ಲ. ಅಂಗಡಿಯವರಿಗೆ ಇದು ಗೊತ್ತಿಲ್ಲವಾ? ಏನು ಮಾಡಲಿ?


ಸುಮ್ನೆ ಓದೋನು

ಬಿಡಿ ಮೇಡಂ. 11 ಸಾವಿರದ ವಸ್ತುವಿಗೆ ಕೋರ್ಟು ಕಚೇರಿ ಅಂತ ಅಲೆದರೆ ಆಟೋ ಚಾರ್ಜಿಗೇ ಅಷ್ಟಾಗುತ್ತದೆ. 20 ಪರ್ಸೆಂಟ್ ಬಿಡ್ತಾರಲ್ಲ, ಹೊಸದು ತಗೊಂಡು ಹಾಯಾಗಿ ಸ್ನಾನ ಮಾಡಿ. ಈ ವಾರಂಟಿ ಕಾರ್ಡ್ ಎಲ್ಲ ಡಬ್ಬದೊಳಗಿನ ಥರ್ಮಾಕೋಲ್ ಇದ್ದ ಹಾಗೆ. ಸುಮ್ನೆ ಜಾಗ ತುಂಬೋಕೆ.


ಪಾನಾ ಪಕ್ಕಡ್

21 ವರ್ಷದಿಂದ ಗೀಸರ್, ವಾಷಿಂಗ್ ಮಷಿನ್ ರಿಪೇರಿ ಮಾಡ್ತಿದ್ದೇನೆ. ಮೊದಲು ಕಂಪನಿ ಸರ್ವಿಸ್‌ನಲ್ಲಿದ್ದೆ, ಈಗ ಸ್ವಂತ.

ಅಕ್ಕ, ಆ ಹುಡುಗ ಒಂದು ಅಳತೆ ಮಾಡಿ ಇನ್ನೊಂದರ ಹೆಸರು ಹೇಳಿದ್ದಾನೆ. ಆ ಪೆನ್ನು ತೋರಿಸೋದು ಟಿಡಿಎಸ್. ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಲೆಕ್ಕ ಅದು. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ಅಂದಾಜು ಹೇಳುತ್ತೆ, ಅಷ್ಟೇ. ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅನ್ನೋದು. ಅದನ್ನು ನೋಡೋಕೆ ಹನಿ ಹಾಕಿ ಬಣ್ಣ ತಿರುಗೋದನ್ನು ಎಣಿಸುವ ಕಿಟ್ ಬೇರೆ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲೂ ಇವೆರಡಕ್ಕೆ ಬೇರೆ ಬೇರೆ ಮಿತಿ ಇದೆ. ಬೇರೆ ನೀರೇ ಸಿಗದಿದ್ದಾಗ ಲೀಟರಿಗೆ ಟಿಡಿಎಸ್ 2,000 ಮಿಲಿಗ್ರಾಂವರೆಗೆ, ಗಡಸುತನ 600ರವರೆಗೆ ನಡೆಯುತ್ತೆ. ನಿಮ್ಮ 1,140ರಲ್ಲಿ ಗಡಸು ಎಷ್ಟು, ಬರೀ ಉಪ್ಪು ಎಷ್ಟು ಅಂತ ಆ ಪೆನ್ನಿಗೆ ಗೊತ್ತೇ ಇಲ್ಲ.

ಇನ್ನೊಂದು ವಿಷಯ. ಗಡಸು ನೀರು ಮೊದಲು ಕಾಟ ಕೊಡೋದು ಕಾಯಿಲ್‌ಗೆ. ಸುಣ್ಣ ಕಟ್ಟಿ ಕಾಯಿಲ್ ಸುಡುತ್ತೆ. ಟ್ಯಾಂಕ್ ತೂತಾಗೋದು ತುಕ್ಕಿನಿಂದ. ಟ್ಯಾಂಕಿನ ಒಳಗೆ ಗಾಜಿನ ಥರ ಲೇಪ ಇರುತ್ತೆ. ಆ ಲೇಪ ವೆಲ್ಡಿಂಗ್ ಜಾಗದಲ್ಲಿ ಸರಿಯಾಗಿ ಕೂತಿಲ್ಲ ಅಂದರೆ ಅಲ್ಲಿಂದಲೇ ತುಕ್ಕು ಶುರು. ಅದನ್ನು ತಡೆಯೋಕೆ ಅಂತ ಒಳಗೆ ಮೆಗ್ನೀಸಿಯಂ ರಾಡ್ ಇಡ್ತಾರೆ, ಅದೇ ಆನೋಡ್. ಟ್ಯಾಂಕಿನ ಬದಲು ತಾನು ಸವೆಯೋದು ಅದರ ಕೆಲಸ. ಉಪ್ಪು ಜಾಸ್ತಿ ಇರುವ ನೀರಲ್ಲಿ ಬೇಗ ಸವೆಯುತ್ತೆ, ಅದು ನಿಜ.

ಹಾಗಾಗಿ ನಿಮ್ಮ ಜಗಳಕ್ಕೆ ಒಬ್ಬನೇ ಸಾಕ್ಷಿ, ಆ ರಾಡ್. ರಾಡ್ ಪೂರ್ತಿ ಕರಗಿ ಬರೀ ತಂತಿ ಉಳಿದಿದ್ದರೆ ಕಂಪನಿ ಮಾತಿಗೆ ಸ್ವಲ್ಪ ಬಲ ಬರುತ್ತೆ. ರಾಡ್ ಇನ್ನೂ ದಪ್ಪ ಇದ್ದು, ವೆಲ್ಡ್ ಹತ್ತಿರ ಸೋರುತ್ತಿದ್ದರೆ ನಾನು ಫ್ಯಾಕ್ಟರಿ ತಪ್ಪು ಅಂತಲೇ ಹೇಳ್ತೀನಿ. ಆ ಹುಡುಗ ರಾಡ್ ತೆಗೆದು ನೋಡಿದನಾ?

ಟ್ಯಾಂಕೇ ಸೋರ್ತಿದೆ ಅಂತ ಖಾತ್ರಿನಾ? ಕಾಯಿಲ್ ಕೂರುವ ಫ್ಲ್ಯಾಂಜಿನ ವಾಷರ್ ಹೋದರೂ ಅಲ್ಲೇ ತೊಟ್ಟಿಕ್ಕುತ್ತೆ. ಅದು ನೂರೈವತ್ತು ರೂಪಾಯಿ ಕೆಲಸ.

ಅಲ್ಲಿವರೆಗೂ ಸ್ವಿಚ್ ಆಫ್ ಮಾಡಿಡಿ. ಸೋರುವ ಗೀಸರ್ ಹಾಕ್ಕೊಂಡು ಸ್ನಾನ ಮಾಡಬೇಡಿ, ಅತ್ತೆಯವರಿಗೂ ಹೇಳಿ.


ಬಿಸಿನೀರು

ರಾಡ್ ತೆಗೆದೇ ಇಲ್ಲ ಅಣ್ಣ. ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದ್ದು ಬಿಟ್ಟರೆ ಒಂದು ಬೋಲ್ಟ್ ಕೂಡ ಮುಟ್ಟಲಿಲ್ಲ. ಸ್ವಿಚ್ ಆಫ್ ಮಾಡಿದ್ದೇವೆ. ಈಗ ಹಂಡೆ ಒಲೆ ಮತ್ತೆ ಶುರುವಾಗಿದೆ. ಅತ್ತೆಗೆ ಒಳಗೊಳಗೇ ಖುಷಿ.


ಕರಿಕೋಟು (ಮೈಸೂರು)

ಮೇಡಂ, ವಕೀಲ ನಾನು. ಮೊದಲ ಪ್ರಶ್ನೆ: "ವಾರಂಟಿ ಬರಲ್ಲ" ಅಂತ ಯಾರಾದರೂ ಬರೆದು ಕೊಟ್ಟಿದ್ದಾರಾ? ಜಾಬ್ ಶೀಟ್ (ರಿಪೇರಿಗೆ ಬಂದವರು ಏನು ನೋಡಿದರು, ಏನು ಮಾಡಿದರು ಅಂತ ಬರೆಯುವ ಹಾಳೆ) ಇದೆಯಾ? ಅದರಲ್ಲಿ ಏನು ಬರೆದಿದೆ? ಮುಂದಿನದೆಲ್ಲ ಅದರ ಮೇಲೆ ನಿಂತಿದೆ.


ವೇಗದೂತ

ಎರಡು ವರ್ಷದ ಹಿಂದೆ ಇಂಥದ್ದೇ ಆಗಿತ್ತು ನನಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಹೊಸ ಅಧ್ಯಾಯವೇ ಇದೆ, 84ನೇ ಸೆಕ್ಷನ್. ತಯಾರಿಕೆಯಲ್ಲಿ ದೋಷ ಇದ್ದರೆ ಕಂಪನಿಯೇ ಹೊಣೆ, ವಾರಂಟಿ ಕೊಡುವಾಗ ನಿರ್ಲಕ್ಷ್ಯ ಮಾಡಿಲ್ಲ ಅಂತ ಸಾಬೀತು ಮಾಡಿದರೂ ತಪ್ಪಿಸಿಕೊಳ್ಳೋಕೆ ಆಗಲ್ಲ. ಅದನ್ನೇ ಹಾಕಿ, ಐದು ಲಕ್ಷ ಕೇಳಿ!


ಕರಿಕೋಟು

ವೇಗದೂತರೇ, ನಿಮ್ಮ ಹೆಸರಿನ ಹಾಗೇ ಇದ್ದೀರಿ, ನಿಲ್ದಾಣ ದಾಟಿಕೊಂಡು ಹೋದಿರಿ.

84 ಇರೋದು ನಿಜ. ಆದರೆ ಆ ಅಧ್ಯಾಯ ಇರೋದು ದೋಷದ ವಸ್ತುವಿನಿಂದ ಹಾನಿ ಆದಾಗ. ಗೀಸರ್ ಶಾಕ್ ಹೊಡೆದು ಯಾರಿಗೋ ಪೆಟ್ಟಾಯಿತು, ಸಿಡಿದು ಬೇರೆ ಆಸ್ತಿ ಹಾಳಾಯಿತು, ಆಗ. ಆ ವಸ್ತುವೇ ಕೆಟ್ಟು ಹೋಗಿದ್ದನ್ನು "ಹಾನಿ" ಅಂತ ಲೆಕ್ಕ ಹಾಕಬಾರದು ಅಂತ ಕಾಯ್ದೆಯ ವ್ಯಾಖ್ಯಾನದಲ್ಲೇ ಬರೆದಿದೆ. ಈ ತಪ್ಪಿನಿಂದ ಎಷ್ಟೋ ದೂರುಗಳು ಮೊದಲ ದಿನವೇ ಕುಂಟುತ್ತವೆ.

ಮೇಡಂ ಅವರದ್ದು ಅದಕ್ಕಿಂತ ಸರಳ. ದೋಷವಿರುವ ಸರಕು, ಅಷ್ಟೇ. "ದೋಷ" ಅನ್ನೋ ಪದಕ್ಕೆ ಕಾಯ್ದೆ ಕೊಟ್ಟಿರುವ ಅರ್ಥ ದೊಡ್ಡದು. ಕಾನೂನು ಕೇಳುವ ಗುಣಮಟ್ಟ ಇಲ್ಲದಿದ್ದರೂ ದೋಷ, ಒಪ್ಪಂದದಲ್ಲಿ ಇದ್ದ ಗುಣಮಟ್ಟ ಇಲ್ಲದಿದ್ದರೂ ದೋಷ, ಮಾರುವವರು ಯಾವ ರೀತಿಯಲ್ಲಾದರೂ ಹೇಳಿಕೊಂಡ ಗುಣಮಟ್ಟ ಇಲ್ಲದಿದ್ದರೂ ದೋಷ. ಅಂಗಡಿಯವರ "ಐದು ವರ್ಷ ತಿರುಗಿ ನೋಡೋದೇ ಬೇಡ" ಕೂಡ ಅದರೊಳಗೆ ಬರುತ್ತೆ. ಬಾಯಿಮಾತಿಗೆ ಸಾಕ್ಷಿ ಇರಲ್ಲ, ಅದು ಬೇರೆ ಕಥೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆಗಳು. ದೂರು ಎಲ್ಲಿ? ನೀವಿರುವ ಜಿಲ್ಲೆಯಲ್ಲೇ. ಹಳೆಯ 1986ರ ಕಾಯ್ದೆಯಲ್ಲಿ ಕಂಪನಿ ಅಥವಾ ಅದರ ಶಾಖೆ ಇರುವಲ್ಲಿಗೋ ವ್ಯವಹಾರ ನಡೆದಲ್ಲಿಗೋ ಹೋಗಬೇಕಿತ್ತು. 2020ರ ಜುಲೈ 20ರಿಂದ ಹೊಸ ಕಾಯ್ದೆ ಜಾರಿಯಾದ ಮೇಲೆ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗವೇ ಸಾಕು. ಶುಲ್ಕ? ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಒಂದು ರೂಪಾಯಿಯೂ ಇಲ್ಲ. ವಕೀಲರು ಬೇಕೇ? ಬೇಡ, ನೀವೇ ವಾದ ಮಾಡಬಹುದು (ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕ್ಕೊಂಡೆ). ಗಡುವು? ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಎಷ್ಟು ದಿನ? ಕಾಯ್ದೆಯಲ್ಲಿ ಮೂರು ತಿಂಗಳು, ಲ್ಯಾಬಿಗೆ ಕಳಿಸಬೇಕಾದರೆ ಐದು ತಿಂಗಳು. ನಿಜವಾಗಿ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ, ಸುಳ್ಳು ಹೇಳಲ್ಲ. ಅದಕ್ಕೇ ದೂರಿನವರೆಗೆ ಹೋಗದೇ ಮುಗಿಯುವಂತೆ ನೋಡಿಕೊಳ್ಳೋದು ಜಾಣತನ. ಅದಕ್ಕೆ ಬೇಕಾಗಿರೋದು ಕಾಗದ.


ಬಿಸಿನೀರು

ಜಾಬ್ ಶೀಟ್ ಕೇಳಿದರೆ ಆ್ಯಪ್‌ನಲ್ಲಿದೆ ಅಂದರು. ಈಗ ನೋಡಿದೆ, ಕೈಕಾಲು ಆಡ್ತಿಲ್ಲ. ಅದರಲ್ಲಿ ಬರೆದಿರೋದು "ಎಸ್ಟಿಮೇಟ್‌ಗೆ ಗ್ರಾಹಕರು ಒಪ್ಪಲಿಲ್ಲ, ದೂರು ಮುಕ್ತಾಯ" ಅಂತ. ಗಡಸು ನೀರೂ ಇಲ್ಲ, ಟ್ಯಾಂಕೂ ಇಲ್ಲ. ನನಗೆ ಯಾರೂ ಎಸ್ಟಿಮೇಟೇ ಕೊಟ್ಟಿಲ್ಲ!


ಪಾನಾ ಪಕ್ಕಡ್

ಓಟಿಪಿ ಕೊಟ್ಟಿರಾ?


ಬಿಸಿನೀರು

ಹೌದು. "ಬಂದು ಹೋದೆ ಅಂತ ತೋರಿಸೋಕೆ" ಅಂದ.


ಪಾನಾ ಪಕ್ಕಡ್

ಅದೇ ಆಗಿರೋದು. ಆ ಓಟಿಪಿ ಬಂದು ಹೋಗಿದ್ದಕ್ಕಲ್ಲ, ದೂರು ಮುಗೀತು ಅಂತ ನೀವು ಹಾಕುವ ರುಜು. ಹುಡುಗರ ಮೇಲೂ ತಪ್ಪಿಲ್ಲ ಬಿಡಿ. ದಿನಕ್ಕೆ ಇಷ್ಟು ಕಾಲ್ ಮುಗಿಸಬೇಕು, ಮುಗಿಸದಿದ್ದರೆ ದುಡ್ಡು ಕಡಿತ. ನಾನೂ ಆ ನೊಗ ಹೊತ್ತವನೇ. ಆದರೆ ಕೆಲಸ ಆಗೋವರೆಗೂ, ಇಲ್ಲಾ ಕಾರಣ ಬರೆದು ತೋರಿಸೋವರೆಗೂ ಓಟಿಪಿ ಕೊಡಬೇಡಿ. ಪರದೆ ತೋರಿಸು ಅನ್ನಿ, ಫೋಟೋ ಹೊಡ್ಕೊಳ್ಳಿ, ಆಮೇಲೆ ನಂಬರ್ ಹೇಳಿ.


ಅಂಗಡಿ ಕಟ್ಟೆ (ದಾವಣಗೆರೆ)

ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. 30 ವರ್ಷದ ಎಲೆಕ್ಟ್ರಾನಿಕ್ಸ್ ಅಂಗಡಿ. ಗೀಸರ್ ಒಂದಕ್ಕೆ ನಮಗೆ ಉಳಿಯೋದು ಎಷ್ಟು ಅಂತ ಹೇಳಿದರೆ ನೀವು ನಗ್ತೀರಿ. ವಾರಂಟಿ ಕೊಡೋದು ಕಂಪನಿ, ಬೈಸಿಕೊಳ್ಳೋದು ನಾವು. ಗ್ರಾಹಕರು ಬಂದು "ಗ್ಯಾರಂಟಿ ಇದೆ ಅಂದಿದ್ರಲ್ಲಾ" ಅಂತ ಕೌಂಟರ್ ಕುಟ್ಟುತ್ತಾರೆ. (ಈಗ ಗ್ಯಾರಂಟಿ ಅಂದರೆ ಫ್ರೀ ಬಸ್ಸು ನೆನಪಾಗುತ್ತೆ, ಅದು ಬೇರೆ.)

ಆದರೂ ನಮ್ಮವರ ತಪ್ಪು ಒಪ್ಪಿಕೊಳ್ತೀನಿ. ಬೋರ್ ನೀರಿನ ಊರಲ್ಲಿ ಗೀಸರ್ ಮಾರುವಾಗ ರಾಡಿನ ವಿಷಯ ಹೇಳಬೇಕು. ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ ಅನ್ನೋ ಹೆದರಿಕೆ.

ಗ್ರಾಹಕರೂ ಒಂದು ತಪ್ಪು ಮಾಡ್ತಾರೆ. "ಜಿಎಸ್‌ಟಿ ಬಿಲ್ ಬೇಡ, ರೇಟ್ ಕಮ್ಮಿ ಮಾಡಿ" ಅಂತ ಚೀಟಿ ತಗೊಂಡು ಹೋಗ್ತಾರೆ. ಎರಡು ವರ್ಷ ಆದಮೇಲೆ ಆ ಚೀಟಿ ಹಿಡ್ಕೊಂಡು ಬಂದರೆ ಯಾರು ಕೇಳ್ತಾರೆ? ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದೆಯಾ ನೋಡಿ. ಗೀಸರಿನ ಮೇಲೆ ಐಎಸ್‌ಐ ಗುರುತಿನ ಹತ್ತಿರ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರುತ್ತೆ. ಆ ಗುರುತು ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಲೈಸೆನ್ಸ್ ಅಸಲಿಯೋ ಅಲ್ಲವೋ ಗೊತ್ತಾಗುತ್ತೆ. ಇದನ್ನು ಕೊಳ್ಳುವ ದಿನವೇ ಮಾಡಬೇಕು.


ಕರಿಕೋಟು

ಅಂಗಡಿಯಣ್ಣ ಪ್ರಾಮಾಣಿಕವಾಗಿ ಬರೆದಿದ್ದಾರೆ, ಸಂತೋಷ. ಒಂದು ಮಾತು ಮಾತ್ರ ಸೇರಿಸ್ತೀನಿ. "ಕಂಪನಿಗೆ ಹೋಗಿ" ಅಂದ ಮಾತ್ರಕ್ಕೆ ಅಂಗಡಿ ಕೈ ತೊಳೆದುಕೊಳ್ಳೋಕೆ ಆಗಲ್ಲ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಬರೆದಿಲ್ಲವಾದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ನಿರಾಕರಿಸಿದರೆ ಅದು ಅನುಚಿತ ವ್ಯಾಪಾರ ಪದ್ಧತಿ. "ಮಾರಿದ ಮಾಲು ವಾಪಸ್ ಇಲ್ಲ" ಅನ್ನೋ ಬೋರ್ಡು ದೋಷದ ಮಾಲಿಗೆ ನಡೆಯಲ್ಲ. ಬಿಲ್ ಕೊಡದೇ ಇರೋದೂ ಅದೇ ಪಟ್ಟಿಯಲ್ಲಿದೆ.

ಮೇಡಂ ಅವರ 30 ದಿನ ಯಾವತ್ತೋ ಮುಗಿದಿದೆ, ಅವರಿಗೆ ಟ್ಯಾಂಕ್ ವಾರಂಟಿಯೇ ದಾರಿ. ಆನ್‌ಲೈನ್‌ನಲ್ಲಿ ಕೊಂಡವರಿಗೆ ಇನ್ನೊಂದು ಅನುಕೂಲ: 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ತಾಣದ ಕುಂದುಕೊರತೆ ಅಧಿಕಾರಿ ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.


ಟೇಲರ್ ಅಕ್ಕ

ಮಧ್ಯೆ ಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ನನ್ನ ಓವರ್‌ಲಾಕ್ ಮಷಿನ್ ಏಳು ತಿಂಗಳಿಗೇ ದಾರ ಬಿಡೋಕೆ ಶುರು ಮಾಡಿತು. ನಾಲ್ಕು ಸಲ ರಿಪೇರಿ ಮಾಡಿದರು. ಈಗ "ನೀವು ದುಡಿಮೆಗೆ ಬಳಸ್ತೀರಿ, ಗ್ರಾಹಕರೇ ಅಲ್ಲ, ಕೋರ್ಟಿಗೆ ಹೋದರೂ ನಡೆಯಲ್ಲ" ಅಂತಾರೆ. ಹೌದಾ? ಮನೆಯ ಮುಂದಿನ ಕೋಣೆಯಲ್ಲಿ ನಾನೊಬ್ಬಳೇ ಹೊಲಿಯೋದು.


ಕರಿಕೋಟು

ಅಲ್ಲ ಅಕ್ಕ. ವ್ಯಾಪಾರಕ್ಕೆ ಅಂತ ಕೊಂಡವರು ಗ್ರಾಹಕರಲ್ಲ ಅನ್ನೋದು ಸರಿ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋಕೆ ಕೊಂಡು ತಾವೇ ಬಳಸುವವರನ್ನು ಕಾಯ್ದೆಯೇ ಹೊರಗಿಟ್ಟಿಲ್ಲ. ಹತ್ತು ಜನ ಇಟ್ಟು ಗಾರ್ಮೆಂಟ್ ನಡೆಸಿದ್ದರೆ ಬೇರೆ ಮಾತು. ದೂರಿನಲ್ಲಿ ಇದನ್ನು ಒಂದು ಸಾಲು ಸ್ಪಷ್ಟವಾಗಿ ಬರೀರಿ, ಬರೆಯದೇ ಸೋತವರಿದ್ದಾರೆ. ನಾಲ್ಕು ಸಲದ ಜಾಬ್ ಶೀಟ್ ಇಟ್ಟಿದ್ದೀರಾ? ಒಂದೇ ತೊಂದರೆಗೆ ಮತ್ತೆ ಮತ್ತೆ ರಿಪೇರಿ ಆಗಿದೆ ಅನ್ನೋದೇ ಒಳಗಿನ ದೋಷಕ್ಕೆ ಒಳ್ಳೆ ಸಾಕ್ಷಿ.


ಟೇಲರ್ ಅಕ್ಕ

ಮೂರು ಇದೆ. ಒಂದು ಪ್ಯಾಟರ್ನ್ ಕತ್ತರಿಸೋಕೆ ಬಳಸಿಬಿಟ್ಟೆ.


ಹಾವೇರಿ ಹೊಲ

ಪುಣ್ಯಕ್ಕೆ ನಿಮಗೆಲ್ಲ ಗೀಸರ್ ಐತಿ, ಮಷಿನ್ ಐತಿ, ಲ್ಯಾಬಿಗೆ ಕಳಸ್ಬಹುದು ರೀ. ನಾವು ಬೀಜ ಬಿತ್ತಿ ಮೊಳಕಿ ಬರ್ಲಿಲ್ಲ ಅಂದ್ರ ಯಾವ ಬೀಜ ಕಳಸೋದು? ಎಲ್ಲಾ ಮಣ್ಣಾಗ ಹೋಗಿರ್ತೈತಿ.


ಕರಿಕೋಟು

ಅಣ್ಣಾ, ಇದೇ ವಾದವನ್ನು ರಾಷ್ಟ್ರೀಯ ಬೀಜ ನಿಗಮ ಸುಪ್ರೀಂ ಕೋರ್ಟಿನವರೆಗೂ ತಗೊಂಡು ಹೋಗಿತ್ತು. ಆಂಧ್ರದ ರೈತರ ಪ್ರಕರಣ, 2012ರಲ್ಲಿ ತೀರ್ಪು ಬಂತು. ರೈತರೂ ಗ್ರಾಹಕರೇ, ಬಿತ್ತೋಕೆ ಅಂತ ತಂದ ಬೀಜದಲ್ಲಿ ಪರೀಕ್ಷೆಗೆ ಅಂತ ಒಂದಿಷ್ಟು ತೆಗೆದಿಟ್ಟುಕೊಳ್ಳಲಿ ಅಂತ ನಿರೀಕ್ಷೆ ಮಾಡೋಕೆ ಆಗಲ್ಲ ಅಂತ ಕೋರ್ಟ್ ಹೇಳಿತು. ಕೃಷಿ ಅಧಿಕಾರಿ ಹೊಲಕ್ಕೆ ಬಂದು ಬರೆದ ವರದಿ, ಬಿಲ್, ಬೀಜದ ಚೀಲದ ಲೇಬಲ್ ಇಟ್ಟುಕೊಳ್ಳಿ. ಚೀಲ ಮಾತ್ರ ಬಿಸಾಕಬೇಡಿ.


ಲೆಸ್ಟರ್ ಮಂದಿ

ಇಂಗ್ಲೆಂಡಿನಿಂದ ಒಂದು ಹೋಲಿಕೆ. ಇಲ್ಲಿ 2015ರ ಕಾಯ್ದೆ ಪ್ರಕಾರ ದೋಷ ಕಂಡರೆ 30 ದಿನದೊಳಗೆ ವಸ್ತು ವಾಪಸ್ ಕೊಟ್ಟು ಪೂರ್ತಿ ಹಣ ಕೇಳಬಹುದು. ಆರು ತಿಂಗಳೊಳಗೆ ಕೆಟ್ಟರೆ ಕೊಳ್ಳುವಾಗಲೇ ದೋಷ ಇತ್ತು ಅಂತಲೇ ಲೆಕ್ಕ. ಇರಲಿಲ್ಲ ಅಂತ ಅಂಗಡಿಯವರೇ ತೋರಿಸಬೇಕು. ಕೇಳೋದೂ ಅಂಗಡಿಯವರನ್ನೇ, ಕಂಪನಿಯನ್ನಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ಕೆಟ್ಟ ಕೆಟಲ್ ಹಿಡ್ಕೊಂಡು ಬೈಸಿಕೊಳ್ಳೋಕೆ ತಯಾರಾಗಿ ಹೋಗಿದ್ದೆ. ಹುಡುಗಿ ಬಿಲ್ ನೋಡಿ ದುಡ್ಡು ವಾಪಸ್ ಹಾಕಿದಳು. ನಾನು ಕಲಿತುಕೊಂಡು ಹೋಗಿದ್ದ ಜಗಳ ಎಲ್ಲ ದಂಡ ಆಯ್ತು.


ಸುಮ್ನೆ ಓದೋನು

ನಮ್ಮಲ್ಲಿ ಆ ಜಗಳ ದಂಡ ಆಗಲ್ಲ ಬಿಡಿ, ಪೂರ್ತಿ ಉಪಯೋಗಕ್ಕೆ ಬರುತ್ತೆ.

ವಕೀಲರೇ ಒಂದು ಕೇಳ್ತೀನಿ. ಟ್ಯಾಂಕ್ ಸೋರಿದರೆ ಪೂರ್ತಿ ಹೊಸ ಗೀಸರ್ ಕೊಡಬೇಕಲ್ವಾ? ಬರೀ ಟ್ಯಾಂಕ್ ತಗೊಂಡು ಏನು ಮಾಡ್ತಾರೆ?


ಕರಿಕೋಟು

ಅದು ವಾರಂಟಿಯಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಹೋಗುತ್ತೆ. ಕಾರೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ: ದೋಷವಿರುವ ಭಾಗ ರಿಪೇರಿ ಮಾಡೋದು ಅಥವಾ ಬದಲಾಯಿಸೋದು ವಾರಂಟಿಯ ಮಾತಾಗಿದ್ದರೆ ಕಂಪನಿಯ ಹೊಣೆ ಅಷ್ಟೇ, ಪೂರ್ತಿ ಕಾರು ಕೊಡಿ ಅನ್ನೋಕಾಗಲ್ಲ. ಮೇಡಂ ಮೊದಲು ಟ್ಯಾಂಕ್ ಕೇಳಲಿ. ಅದು ಸಿಗುತ್ತಿಲ್ಲ ಅಥವಾ ಮತ್ತೆ ಸೋರಿತು ಅಂದಾಗ ಹಣ ವಾಪಸ್ ಕೇಳೋಕೆ ಬಲ ಬರುತ್ತೆ.

ಮೇಡಂ, ಹೀಗೆ ಮಾಡಿ. ಕಂಪನಿಯ ಇಮೇಲ್‌ಗೆ ಇಂದೇ ಬರೀರಿ. ಬೈಗುಳ ಬೇಡ. ಕೊಂಡ ದಿನ, ಸೀರಿಯಲ್ ನಂಬರ್, ಸೋರಲು ಶುರುವಾದ ದಿನ, ಆ್ಯಪ್‌ನಲ್ಲಿ ತಪ್ಪಾಗಿ ಬರೆದದ್ದು. ಆಮೇಲೆ ಮೂರು ಪ್ರಶ್ನೆ: ಗಡಸುತನ ಯಾವ ಉಪಕರಣದಿಂದ ಅಳೆದಿರಿ, ಎಷ್ಟು ಬಂತು? ಆನೋಡ್ ರಾಡ್ ಯಾವ ಸ್ಥಿತಿಯಲ್ಲಿದೆ? ಸೋರಿಕೆ ಟ್ಯಾಂಕಿನ ಯಾವ ಜಾಗದಲ್ಲಿ? ದೋಷ ಇದೆ ಅಂತ ತೋರಿಸೋದು ನಮ್ಮ ಹೊಣೆ. ಆದರೆ ಗಡಸು ನೀರು ಅನ್ನೋದು ಅವರು ಎತ್ತಿದ ಮಾತು. ಅದನ್ನು ಅವರೇ ತೋರಿಸಲಿ.

ಜೊತೆಗೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತೆ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಆಗುತ್ತೆ. ಆಗಲಿಲ್ಲ ಅಂದರೆ 15 ದಿನ ಕೊಟ್ಟು ನೋಟಿಸ್. ನೀವೇ ಬರೆದು ಕಳಿಸಬಹುದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟರು, ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿ ತಲುಪಿದ ರಸೀದಿ ಇಟ್ಟುಕೊಳ್ಳಿ. ಕಂಪನಿಗೊಂದು, ಅಂಗಡಿಗೊಂದು.

ಮುಖ್ಯವಾಗಿ, ಆ ಎಕ್ಸ್‌ಚೇಂಜ್‌ಗೆ ಮರುಳಾಗಿ ಹಳೆ ಗೀಸರ್ ಕೊಟ್ಟುಬಿಡಬೇಡಿ. ಅದು ಹೋದರೆ ಲ್ಯಾಬಿಗೆ ಕಳಿಸೋಕೆ ಏನೂ ಉಳಿಯಲ್ಲ.


ಬಿಸಿನೀರು (ಮೂರು ವಾರದ ನಂತರ)

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಇಮೇಲ್ ಕಳಿಸಿದ ಮಾರನೇ ದಿನ ಒಂದು ಸಿದ್ಧ ಉತ್ತರ ಬಂತು, "ನಿಮ್ಮ ತೃಪ್ತಿಯೇ ನಮ್ಮ ಗುರಿ" ಅಂತ. ಆಮೇಲೆ ಆರು ದಿನ ಸುದ್ದಿಯೇ ಇಲ್ಲ. 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲಿ ಮಾತಾಡಿದ ಹುಡುಗಿ ತಾಳ್ಮೆಯಿಂದ ಬರಕೊಂಡಳು, ದೂರಿನ ನಂಬರ್ ಬಂತು. ಒಂಬತ್ತನೇ ದಿನ ಕಂಪನಿಯಿಂದಲೇ ಫೋನು. ಈ ಸಲ ಹುಡುಗನ ಜೊತೆ ಒಬ್ಬ ಹಿರಿಯರು ಬಂದರು, ತಲೆ ಪೂರ್ತಿ ನರೆತವರು.

ನಾನು ಪಾನಾ ಅಣ್ಣ ಹೇಳಿದ್ದನ್ನೇ ಕೇಳಿದೆ, "ಮೊದಲು ರಾಡ್ ತೆಗೀರಿ" ಅಂತ. ಅವರು ನನ್ನ ಮುಖ ಒಂದು ಸಲ ನೋಡಿದರು. ನೀರೆಲ್ಲ ಖಾಲಿ ಮಾಡಿ, ಗೀಸರ್ ಕೆಳಗಿಳಿಸಿ, ಫ್ಲ್ಯಾಂಜ್ ಬಿಚ್ಚಿದರು. ಕಾಯಿಲ್ ಮೇಲೆ ಸುಣ್ಣ ಇತ್ತು, ಇಡ್ಲಿ ಹಿಟ್ಟು ಒಣಗಿದ ಹಾಗೆ ತೆಳ್ಳಗೆ. ಪಕ್ಕದಲ್ಲೇ ರಾಡ್. ಅಲ್ಲಲ್ಲಿ ಕಚ್ಚಿ ಬಿಟ್ಟ ಕಬ್ಬಿನ ಜಲ್ಲೆ ಥರ ಇತ್ತು, ಆದರೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ನನ್ನ ಕಿರುಬೆರಳಿನಷ್ಟು ದಪ್ಪ. ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆದೆ.

ಹಿರಿಯರು ಟ್ಯಾಂಕಿನೊಳಗೆ ಪುಟ್ಟ ಕನ್ನಡಿ ಹಿಡಿದು ತುಂಬಾ ಹೊತ್ತು ನೋಡಿದರು. ಕೆಳಗಿನ ಪೈಪ್ ಸೇರುವ ವೆಲ್ಡಿಂಗ್ ಸುತ್ತ ಕಂದು ಗೆರೆ. ಹುಡುಗನಿಗೆ ಮೆಲ್ಲಗೆ "ಇದು ನೀರಿಂದಲ್ಲಪ್ಪ" ಅಂದರು. ನನಗೆ ಕೇಳಿಸಿತು. ಕೇಳಿಸಲಿ ಅಂತಲೇ ಅಂದರೋ ಏನೋ. ಜಾಬ್ ಶೀಟಿನಲ್ಲಿ ಕೈಬರಹದಲ್ಲಿ ಬರೆದರು: "ಟ್ಯಾಂಕ್ ವೆಲ್ಡ್ ಸೋರಿಕೆ, ಆನೋಡ್ ಇದೆ." ಅದರ ಫೋಟೋ ತೆಗೆದ ಮೇಲೆ ಓಟಿಪಿ ಕೊಟ್ಟೆ.

ಮೊನ್ನೆ ಕಂಪನಿಯವರು ಟ್ಯಾಂಕ್ ಫ್ರೀ ಅಂದಿದ್ದಾರೆ. ಆದರೆ ಕೂಲಿ ಮತ್ತು ಸಾಗಣೆ ಅಂತ 1,250 ಕೇಳ್ತಿದ್ದಾರೆ. ಜೊತೆಗೊಂದು ಕಾಗದ, "ನನ್ನ ಎಲ್ಲಾ ಬೇಡಿಕೆ ತೀರಿದೆ, ಇನ್ನು ಯಾವ ತಕರಾರೂ ಇಲ್ಲ" ಅಂತ ರುಜು ಹಾಕಬೇಕಂತೆ. ಟ್ಯಾಂಕ್ ಹಾಕುವ ಮೊದಲೇ!


ಅಂಗಡಿ ಕಟ್ಟೆ

ಫ್ರಿಜ್ಜಿನಲ್ಲೂ ಇದೇ ಆಟ. "ಕಂಪ್ರೆಸರ್‌ಗೆ 10 ವರ್ಷ" ಅಂತ ದೊಡ್ಡದಾಗಿ ಅಂಟಿಸಿರ್ತಾರೆ. ಕೆಟ್ಟಾಗ ಕಂಪ್ರೆಸರ್ ಫ್ರೀ, ಗ್ಯಾಸಿಗೆ ದುಡ್ಡು, ಕೂಲಿಗೆ ದುಡ್ಡು, ಬರೋಕೆ ದುಡ್ಡು. ಊಟ ಫ್ರೀ, ಎಲೆಗೆ ಕಾಸು. ಇನ್ವರ್ಟರ್ ಬ್ಯಾಟರಿಯಲ್ಲಿ "36+24" ಅಂತ ಇದ್ದರೆ ಮೊದಲ 36 ತಿಂಗಳು ಮಾತ್ರ ಫ್ರೀ ಬದಲಾವಣೆ, ಆಮೇಲಿನ 24ರಲ್ಲಿ ಹೊಸ ಬ್ಯಾಟರಿಗೆ ಒಂದಿಷ್ಟು ರಿಯಾಯಿತಿ ಅಷ್ಟೇ. ಜನ ಎರಡನ್ನೂ ಕೂಡಿ 60 ತಿಂಗಳು ಅಂದ್ಕೊಳ್ತಾರೆ. ನಾವೂ ಬಿಡಿಸಿ ಹೇಳಲ್ಲ, ನಿಜ.


ಕರಿಕೋಟು

ಮೇಡಂ, ಕಾರ್ಡಿನಲ್ಲಿ ಕೂಲಿ ಬಗ್ಗೆ ಏನಾದರೂ ಇದೆಯಾ? ಇಲ್ಲ ಅಂದರೆ ಕೊಡಬೇಡಿ, ಯಾವ ಷರತ್ತಿನ ಪ್ರಕಾರ ಅಂತ ಇಮೇಲ್‌ನಲ್ಲಿ ಕೇಳಿ. ಇದೆ ಅಂದರೆ ಕೊಡಿ, ಆದರೆ ರಸೀದಿ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿ" ಅಂತ ಬರೆದು ರುಜು ಹಾಕಿ. ಆ ಇನ್ನೊಂದು ಕಾಗದಕ್ಕೆ ಮಾತ್ರ ಈಗ ರುಜು ಬೇಡವೇ ಬೇಡ. ಟ್ಯಾಂಕ್ ಹಾಕಿ, ನಾಲ್ಕು ದಿನ ಬಿಸಿನೀರು ಬಂದಮೇಲೆ "ಟ್ಯಾಂಕ್ ಬದಲಾಯಿಸಿದ್ದಾರೆ" ಅಂತ ಆದದ್ದನ್ನಷ್ಟೇ ಬರೆದು ಕೊಡಿ.


ಬಿಸಿನೀರು

ಕಾರ್ಡ್ ಮತ್ತೆ ಓದಿದೆ. "ಟ್ಯಾಂಕನ್ನು ಉಚಿತವಾಗಿ ಬದಲಾಯಿಸಲಾಗುವುದು" ಅಂತ ಇದೆ. ಕೂಲಿ ಮಾತೇ ಇಲ್ಲ. ಹಾಗೇ ಬರೆದೆ. ಎರಡು ದಿನದಲ್ಲಿ 1,250 ಬಿಟ್ಟರು. ಸಾಗಣೆಗೆ 300 ಮಾತ್ರ ಅಂದರು. ಅದನ್ನು ಆಕ್ಷೇಪಣೆ ಬರೆದೇ ಕೊಟ್ಟೆ. ಮೊದಲ ದಿನದ 450 ವಾಪಸ್ ಕೇಳಿದ್ದೇನೆ, ಉತ್ತರ ಬಂದಿಲ್ಲ. ನಿನ್ನೆ ಟ್ಯಾಂಕ್ ಹಾಕಿದರು. ಅತ್ತೆ ಇನ್ನೂ ಹಂಡೆ ನೀರೇ ಬೇಕು ಅಂತಿದ್ದಾರೆ.

ಪಾನಾ ಅಣ್ಣ, ಹೊಸ ಟ್ಯಾಂಕಿಗೆ ಇವತ್ತಿನಿಂದ 5 ವರ್ಷನಾ?


ಪಾನಾ ಪಕ್ಕಡ್

ಸಾಮಾನ್ಯವಾಗಿ ಇಲ್ಲ ಅಕ್ಕ, ಹಳೆ ವಾರಂಟಿಯಲ್ಲಿ ಉಳಿದಿರುವಷ್ಟೇ. ನಿಮ್ಮ ಕಾರ್ಡಿನಲ್ಲಿ ನೋಡಿ. ರಾಡ್ ವರ್ಷಕ್ಕೊಮ್ಮೆ ತೆಗೆಸಿ ನೋಡಿ, ನಿಮ್ಮ ನೀರಿಗೆ ಎರಡು ವರ್ಷಕ್ಕೊಂದು ಬೇಕಾಗಬಹುದು. ಬದಲಾಯಿಸಿದ ಬಿಲ್ ಇಟ್ಟುಕೊಳ್ಳಿ. ಮುಂದಿನ ಸಲ ರಾಡಿನ ಮಾತು ಎತ್ತಿದರೆ ಅದನ್ನೇ ಮುಂದಿಡಿ.


ಸುಮ್ನೆ ಓದೋನು

ಮೇಡಂ, ಮೊದಲ ದಿನ ನಾನು ಹೇಳಿದ್ದು ವಾಪಸ್ ತಗೊಂಡೆ. ಇದನ್ನೆಲ್ಲ ಓದಿ ನಮ್ಮ ಫ್ರಿಜ್ಜಿನ ಕಾರ್ಡ್ ಹುಡುಕ್ತಾ ಕೂತೆ. ಕಂಪ್ರೆಸರ್ ಒಂದು ತಿಂಗಳಿಂದ ಗೊರಕೆ ಹೊಡೀತಿದೆ. 2019ರ ಯುಗಾದಿಗೆ ತಗೊಂಡಿದ್ದು, ಕಾರ್ಡ್ ಸಿಕ್ಕಿತು. ಬಿಲ್ ಮಾತ್ರ ಪೂರ್ತಿ ಬಿಳಿ ಹಾಳೆ ಆಗಿದೆ, ಒಂದಕ್ಷರ ಇಲ್ಲ. ಏನಾದರೂ ದಾರಿ ಇದೆಯಾ?


ಅಂಗಡಿ ಕಟ್ಟೆ

ಇದೆ. ಕೊಂಡ ಅಂಗಡಿಗೆ ಹೋಗಿ ಆಗ ಕೊಟ್ಟಿದ್ದ ಮೊಬೈಲ್ ನಂಬರ್ ಹೇಳಿ. ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಟ್ಟಿರಬೇಕು ಅಂತ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ, ನಿಮ್ಮದು ಇನ್ನೂ ಅದರೊಳಗೇ ಬರುತ್ತೆ. ಮಧ್ಯಾಹ್ನ ಹೋಗಿ, ಆಗ ನಮಗೆ ಗಿರಾಕಿ ಕಮ್ಮಿ. ಬಿಲ್ ಸಿಕ್ಕ ತಕ್ಷಣ ಅಲ್ಲೇ ನಿಂತು ಫೋಟೋ ಹೊಡ್ಕೊಳ್ಳಿ.